ಪಲ್ಲವಿ ಹಿಡಿಯುವವರು: ರಘು ದೀಕ್ಷಿತ್ ಪ್ರಾಜೆಕ್ಟಿನ ಮೊದಲ ಆಲ್ಬಮ್ ಮತ್ತು ಒಂದು ತತ್ವಪದ

ಕನ್ನಡ ಸಾಹಿತ್ಯಚರಿತ್ರೆಯ ಮೊದಲ ಅಧ್ಯಾಯವನ್ನು ಓದುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಚತ್ತಾಣ ಮತ್ತು ಬೆದಂಡೆ ಎಂಬ ಎರಡು ಹೆಸರುಗಳು ಎದುರಾಗುತ್ತವೆ. ಕ್ರಿ.ಶ. ೮೫೦ರ ಸುಮಾರಿನಲ್ಲಿ, ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ರಚನೆಗೊಂಡ ‘ಕವಿರಾಜಮಾರ್ಗ’ವು ಇವನ್ನು ಕನ್ನಡದ ಹಿಂದಿನ ಕಾವ್ಯಪ್ರಕಾರಗಳೆಂದು ಹೆಸರಿಸುತ್ತದೆ. ಹನ್ನೆರಡನೆಯ ಶತಮಾನದ ಇಮ್ಮಡಿ ನಾಗವರ್ಮನು ‘ಕಾವ್ಯಾವಲೋಕನ’ದಲ್ಲಿ ಇನ್ನೂ ಕೆಲವನ್ನು ಸೇರಿಸುತ್ತಾನೆ: ಪಾಡು, ಪಾಡುಗಬ್ಬ, ಬಾಜನೆಗಬ್ಬ. ಇವು ಹಾಡಿಗೆ ಹತ್ತಿರವಾದ ರಚನೆಗಳೆಂಬುದನ್ನು ಹೆಸರುಗಳೇ ಹೇಳುತ್ತವೆ. ಆದರೆ ಅವುಗಳ ಧಾಟಿ ಹೇಗಿತ್ತು, ಯಾರು ಕೂಡಿ ಹಾಡುತ್ತಿದ್ದರು, ಕೇಳುವವರು ಎಲ್ಲಿ ದನಿಗೂಡಿಸುತ್ತಿದ್ದರು ಎಂಬುದನ್ನು ತಿಳಿಯುವ ದಾರಿಯಿಲ್ಲ. ಲಕ್ಷಣ ಉಳಿಯಿತು, ದನಿ ಹೋಯಿತು. ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಕಲಬುರಗಿಯಿಂದ ಸುಮಾರು ೪೦ ಕಿಲೋಮೀಟರ್ ದೂರದಲ್ಲಿದೆ. ಅಲ್ಲಿನ ನೇಮಿನಾಥ ಬಸದಿಯ ಕಲ್ಲುಗಳನ್ನು ಇಂದಿಗೂ ಮುಟ್ಟಿ ನೋಡಬಹುದು. ಅದರ ಸುತ್ತ ಒಮ್ಮೆ ಕೇಳಿಬಂದಿರಬಹುದಾದ ಪಾಡನ್ನು ಕೇಳಲಾಗದು.

ಈ ನಷ್ಟವನ್ನು ಮನಸ್ಸಿನಲ್ಲಿಟ್ಟುಕೊಂಡರೆ, ನಮ್ಮ ಕಾಲದ ಒಂದು ಧ್ವನಿಮುದ್ರಿಕೆಯನ್ನು ಸಾಹಿತ್ಯದ ವಿದ್ಯಾರ್ಥಿಗಳು ಏಕೆ ಗಂಭೀರವಾಗಿ ಪರಿಶೀಲಿಸಬೇಕು ಎಂಬುದು ಸ್ಪಷ್ಟವಾಗುತ್ತದೆ. ೨೦೦೮ರಲ್ಲಿ ಹೊರಬಂದ, ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ತಂಡದ ಮೊದಲ ಆಲ್ಬಮ್ ಅಂಥದೊಂದು. ಅದರಲ್ಲಿ ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಎಂಬ ತತ್ವಪದವಿದೆ. ಗಿಟಾರು, ಪಿಟೀಲು, ಡ್ರಮ್ಮುಗಳೊಡನೆ ಕೇಳಿಬರುವ ಈ ಪದವು ತತ್ವಪದವಾಗಿಯೇ ಉಳಿದಿದೆಯೇ ಎಂಬ ಪ್ರಶ್ನೆ ವಿದ್ವಾಂಸರ ಗೋಷ್ಠಿಗಿಂತ ಮೊದಲು ಕಲಬುರಗಿಯ ಶಹಾಬಜಾರದ ಒಂದು ಮನೆಯಲ್ಲಿ ಎದ್ದಿತು.

ಶಹಾಬಜಾರವು ಬಹಮನಿಗಳ ಕಾಲದ ಮಸೀದಿಯನ್ನು ತನ್ನ ಹೆಸರಿನೊಡನೆ ಉಳಿಸಿಕೊಂಡಿರುವ ಹಳೆಯ ಬಡಾವಣೆ. ಖಾಜಾ ಬಂದೇನವಾಜರ ದರ್ಗಾ, ಶರಣಬಸವೇಶ್ವರರ ಗುಡಿ ಎರಡೂ ಇರುವ ಊರಿನಲ್ಲಿ ಆಜಾನೂ ಭಜನೆಯೂ ಒಂದೇ ಸಂಜೆಯಲ್ಲಿ ಕೇಳಿಬರುವುದು ಹೊಸದಲ್ಲ. ಅಲ್ಲಿನ ಒಂದು ಓಣಿಯಲ್ಲಿ, ಮಗನ ಮನೆಗೆ ಬಂದು ನೆಲೆಸಿದ ಒಬ್ಬ ಹಿರಿಯರಿದ್ದರು. ಹುಮನಾಬಾದ್ ರಸ್ತೆಯಲ್ಲಿರುವ ಕಮಲಾಪುರದ ಬಳಿಯ ಒಂದು ಹಳ್ಳಿ ಅವರ ಹುಟ್ಟೂರು. ಕೆಂಪು ಬಾಳೆಗೆ ಹೆಸರಾದ ಆ ಸೀಮೆಯಲ್ಲಿ ದುಡಿಮೆ ಮಾಡಿ, ಅಮಾವಾಸ್ಯೆಯ ರಾತ್ರಿಗಳಲ್ಲಿ ಭಜನಾ ಮಂಡಳಿಯಲ್ಲಿ ಕುಳಿತು ತತ್ವಪದ ಹಾಡಿದವರು. ಮೊಣಕಾಲು ಸೋತ ಮೇಲೆ ಪಟ್ಟಣಕ್ಕೆ ಬಂದರು. ಅವರೊಡನೆ ಬಂದ ಏಕತಾರಿ ಅಡಿಗೆಮನೆಯ ಪಕ್ಕದ ಗೂಟಕ್ಕೆ ತೂಗುಬಿದ್ದು, ಹಾಗೆಯೇ ಇತ್ತು.

ಮೊಮ್ಮಗಳು ಕನ್ನಡ ಎಂ.ಎ. ಓದುತ್ತಿದ್ದಳು. ಒಂದು ದಿನ ಮೊಬೈಲಿನಲ್ಲಿ ಗುಡುಗುಡಿಯ ಪದವನ್ನು ಹಾಕಿ, “ಮುತ್ಯಾ, ಇದನ್ನ ಕೇಳು. ಶರೀಫಜ್ಜನ ಪದ” ಎಂದಳು. ಮುತ್ಯಾ ಕೊನೆಯವರೆಗೆ ಕೇಳಿದರು. ತಲೆ ತೂಗಿದರು. ಆಮೇಲೆ ಹೇಳಿದ್ದು ಎರಡೇ ಮಾತು. “ಇಂವ ಛಲೋ ಹಾಡ್ಯಾನ. ಖರೇ, ಇಷ್ಟು ಓಡಿಸಿದ್ರ ಹೊಗಿ ಒಳಗ ಹ್ಯಾಂಗ ಇಳೀತದ?” ಮೊಮ್ಮಗಳು ನಕ್ಕಳು. ಅವರು ನಗಲಿಲ್ಲ. “ಮತ್ತ, ಪಲ್ಲ ಹಿಡಿಯೋ ಮಂದಿ ಎಲ್ಲಿ ಅದಾರ?” ಎಂದು ಕೇಳಿದರು.

ಈ ಎರಡು ಪ್ರಶ್ನೆಗಳಲ್ಲಿ ಒಂದು ಅರ್ಥಕ್ಕೆ ಸಂಬಂಧಿಸಿದ್ದು, ಇನ್ನೊಂದು ಹಾಡುವ ಸಮುದಾಯಕ್ಕೆ ಸಂಬಂಧಿಸಿದ್ದು. ಎರಡನ್ನೂ ಬೇರೆಬೇರೆಯಾಗಿ ವಿಚಾರಿಸುವುದು ಒಳಿತು. ಅದಕ್ಕೆ ಮೊದಲು ತಂಡದ ಕಥೆಯನ್ನು ಸಂಕ್ಷೇಪವಾಗಿ ನೋಡಬೇಕು.

ರಘು ದೀಕ್ಷಿತ್ ಬೆಳೆದದ್ದು ಮೈಸೂರಿನಲ್ಲಿ. ಓದಿದ್ದು ಸೂಕ್ಷ್ಮಜೀವಿಶಾಸ್ತ್ರ, ಕಲಿತದ್ದು ಭರತನಾಟ್ಯ. ಗಿಟಾರು ಆಮೇಲೆ, ತಾನಾಗಿಯೇ ಕೈಗೆ ಬಂದದ್ದು. ಕೆಲಕಾಲ ಬೆಲ್ಜಿಯಂನಲ್ಲಿ ಉದ್ಯೋಗದಲ್ಲಿದ್ದು ಹಿಂದಿರುಗಿದರು. ಪಿಟೀಲುವಾದಕ ಎಚ್.ಎನ್. ಭಾಸ್ಕರ್ ಅವರೊಡನೆ ‘ಅಂತರಾಗ್ನಿ’ ಎಂಬ ತಂಡದಲ್ಲಿ ಹಾಡಿದರು. ಅದು ಮುಗಿದ ಮೇಲೆ, ೨೦೦೫ರ ಸುಮಾರಿಗೆ ಹುಟ್ಟಿದ್ದು ಈ ‘ಪ್ರಾಜೆಕ್ಟ್’. ಹೆಸರಿನಲ್ಲಿ ತಂಡವೆಂಬ ಮಾತಿಲ್ಲದಿರುವುದಕ್ಕೆ ಕಾರಣವಿದೆ. ಖಾಯಂ ಸದಸ್ಯರ ಕೂಟಕ್ಕಿಂತ, ಬೇರೆಬೇರೆ ಕಲಾವಿದರು ಬಂದು ಸೇರಬಹುದಾದ ತೆರೆದ ಮನೆಯೊಂದು ಇರಬೇಕೆಂಬುದು ಅದರ ಮೂಲ ಕಲ್ಪನೆ. ಬೇಸ್ ಗಿಟಾರಿನ ಗೌರವ್ ವಾಜ್ ಅವರಂತಹ ಕೆಲವರು ಬಹುಕಾಲ ಜೊತೆಗಿದ್ದರು. ಇನ್ನು ಕೆಲವರು ಬಂದರು, ಹೋದರು.

ಚಲನಚಿತ್ರದ ಆಶ್ರಯವಿಲ್ಲದ ಹಾಡಿಗೆ ಆಗ ಮಾರುಕಟ್ಟೆಯೇ ಇರಲಿಲ್ಲವೆನ್ನಬಹುದು. ಧ್ವನಿಮುದ್ರಣ ಕಂಪನಿಗಳ ಬಾಗಿಲುಗಳನ್ನು ವರ್ಷಗಟ್ಟಲೆ ತಟ್ಟಿದರೂ ಫಲವಿರಲಿಲ್ಲ. ಮುಂಬಯಿಯಲ್ಲಿ ಪವಾಡಕ್ಕಾಗಿ ಕಾಯುತ್ತಿರುವೆನೆಂಬ ಅರ್ಥದ ಇಂಗ್ಲಿಷ್ ಹೆಸರಿನ ಒಂದು ಹಾಡು ಆಲ್ಬಮ್ಮಿನಲ್ಲಿಯೇ ಇರುವುದು ಈ ಹಿನ್ನೆಲೆಯಲ್ಲಿ ಅರ್ಥಪೂರ್ಣ. ಕೊನೆಗೆ ಮುಂಬಯಿಯ ಕಾರ್ಯಕ್ರಮವೊಂದರ ಮೂಲಕ ಇವರ ಹಾಡು ಹಿಂದಿ ಚಿತ್ರಗಳ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿಯ ಕಿವಿಗೆ ಬಿತ್ತು. ಅವರೇ ನಡೆಸುತ್ತಿದ್ದ ಕೌಂಟರ್ ಕಲ್ಚರ್ ರೆಕಾರ್ಡ್ಸ್ ಮೂಲಕ ೨೦೦೮ರಲ್ಲಿ ಆಲ್ಬಮ್ ಬಿಡುಗಡೆಯಾಯಿತು. ಹಾಡುಗಳಲ್ಲಿ ಹಿಂದಿ, ಇಂಗ್ಲಿಷ್, ಕನ್ನಡ ಮೂರೂ ಇವೆ. ಕನ್ನಡದ ಪಾಲು ಚಿಕ್ಕದು. ಆದರೆ ತಂಡವು ಮುಂದೆ ಇಂಗ್ಲೆಂಡಿಗೆ ಹೋದಾಗ, ೨೦೧೦ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಾಗ, ೨೦೧೧ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿಯನ್ನು ಪಡೆದಾಗ, ಬಣ್ಣದ ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿ ಹಾಡುವ ಈ ಗಾಯಕನ ಗುರುತಾದದ್ದು ಕನ್ನಡನಾಡಿನ ಮಣ್ಣಿನ ದನಿಯೆಂದೇ.

ಇಲ್ಲಿ ಒಂದು ಪರಿಭಾಷೆಯ ತೊಡಕನ್ನು ಬಿಡಿಸಿಕೊಳ್ಳಬೇಕು. ಇಂತಹ ತಂಡಗಳ ಸಂಗೀತವನ್ನು ಪತ್ರಿಕೆಗಳು ‘ಇಂಡೀ ಫೋಕ್’ ಎಂದು ಕರೆಯುತ್ತವೆ. ‘ಇಂಡೀ’ ಎಂದರೆ ಸ್ವತಂತ್ರ, ಅಂದರೆ ಚಿತ್ರೋದ್ಯಮದ ಹಾಗೂ ದೊಡ್ಡ ಕಂಪನಿಗಳ ಹಂಗಿಲ್ಲದ್ದು. ‘ಫೋಕ್’ ಎಂಬುದನ್ನು ಜಾನಪದವೆಂದು ಅನುವಾದಿಸಿದರೆ ಶರೀಫರ ಪದಕ್ಕೆ ಅದು ಸಲ್ಲುವುದಿಲ್ಲ. ಬೀಸುಕಲ್ಲಿನ ಪದಕ್ಕೆ ಕರ್ತೃವಿನ ಹೆಸರಿಲ್ಲ. ಶರೀಫರು (೧೮೧೯–೧೮೮೯) ಚರಿತ್ರೆಯಲ್ಲಿ ನಿಂತ ಕವಿ. ಅವರಿಗೆ ಊರಿದೆ, ಕಳಸದ ಗೋವಿಂದ ಭಟ್ಟರೆಂಬ ಗುರುವಿದ್ದಾರೆ, ‘ಶಿಶುನಾಳಧೀಶ’ ಎಂಬ ಅಂಕಿತವಿದೆ. ಆದರೂ ಆ ಪದಗಳು ಉಳಿದದ್ದು ಕೈಬರಹದ ಪ್ರತಿಗಳಿಗಿಂತ ಹೆಚ್ಚಾಗಿ ಬಾಯಿಂದ ಬಾಯಿಗೆ. ಹಾಗಾಗಿ ತತ್ವಪದವು ಜಾನಪದಕ್ಕೂ ಶಿಷ್ಟಕಾವ್ಯಕ್ಕೂ ನಡುವಣ ಹೊಸ್ತಿಲಲ್ಲಿ ನಿಂತಿದೆ. ಜೈನ ಪರಂಪರೆಯಲ್ಲಿ ಇದಕ್ಕೆ ಸಮೀಪದ ಉದಾಹರಣೆಯೆಂದರೆ ಮೂಡುಬಿದಿರೆಯ ರತ್ನಾಕರವರ್ಣಿ. ಹದಿನಾರನೆಯ ಶತಮಾನದ ಈ ಕವಿ ‘ಭರತೇಶವೈಭವ’ವನ್ನು ಹಾಡುವುದಕ್ಕೆ ಒದಗುವ ಸಾಂಗತ್ಯದಲ್ಲಿ ಬರೆದನು, ಜೊತೆಗೆ ‘ಅಣ್ಣಗಳ ಪದ’ವೆಂದು ಪ್ರಸಿದ್ಧವಾದ ಹಾಡುಗಳನ್ನೂ ರಚಿಸಿದನು. ಪಂಡಿತನ ಶಾಸ್ತ್ರಜ್ಞಾನವು ಸಾಮಾನ್ಯ ಶ್ರಾವಕರ ನಾಲಿಗೆಗೆ ಇಳಿಯಬೇಕಾದರೆ ಅದು ಪದವಾಗಬೇಕೆಂಬ ಅರಿವು ಶರೀಫರಿಗಿಂತ ಮೂರು ಶತಮಾನ ಹಿಂದೆಯೇ ಇತ್ತು.

ಈಗ ಮುತ್ಯಾರ ಮೊದಲ ಪ್ರಶ್ನೆ. ಹೊಗೆ ಒಳಗೆ ಇಳಿಯುವುದು ಹೇಗೆ?

ಗುಡುಗುಡಿಯೆಂದರೆ ಹುಕ್ಕಾ. ಶರೀಫರ ಪದದಲ್ಲಿ ಅದು ಸಾಧನೆಯ ರೂಪಕ. ಮನಸ್ಸು ಅಲ್ಲಿ ಬಿಚ್ಚಬೇಕಾದ ಸಂಚಿ, ಮೋಹವು ಕೊಚ್ಚಬೇಕಾದ ಭಂಗಿ, ಬುದ್ಧಿಯು ಅದಕ್ಕೆ ಹಚ್ಚುವ ಬೆಂಕಿ. ಊರಿನ ಕಟ್ಟೆಯ ಮೇಲೆ ಕುಳಿತ ಮಂದಿಯ ಕೈಯಲ್ಲಿದ್ದ ಚಟದ ವಸ್ತುವನ್ನೇ ಎತ್ತಿಕೊಂಡು, ಅದರ ಒಂದೊಂದು ಅಂಗವನ್ನೂ ದೇಹದ ಹಾಗೂ ಮನಸ್ಸಿನ ಒಂದೊಂದು ತತ್ವಕ್ಕೆ ಹೊಂದಿಸುವುದು ಈ ಪದದ ಚಮತ್ಕಾರ. ಇಂತಹ ಹೊಂದಾಣಿಕೆ ಅರಿವಿಗೆ ಬರಬೇಕಾದರೆ ಬಿಡುವು ಬೇಕು. ಭಜನೆಯಲ್ಲಿ ಆ ಬಿಡುವನ್ನು ಕೊಡುವುದು ಪಲ್ಲವಿ. ಮುಮ್ಮೇಳದವರು ಒಂದು ನುಡಿಯನ್ನು ಹಾಡಿ ನಿಲ್ಲಿಸುತ್ತಾರೆ. ಹಿಮ್ಮೇಳದವರು ತಾಳ, ದಮ್ಮಡಿಗಳೊಡನೆ ಪಲ್ಲವಿಯನ್ನು ಎತ್ತಿಕೊಂಡು ಮತ್ತೆ ಮತ್ತೆ ಹೇಳುತ್ತಾರೆ. ಆ ಆವರ್ತನೆಗಳಲ್ಲಿ ಹಿಂದಿನ ನುಡಿಯ ಒಗಟು ಕೇಳುಗನ ಮನಸ್ಸಿನಲ್ಲಿ ಬಿಚ್ಚಿಕೊಳ್ಳುತ್ತದೆ. ಕೆಲವೊಮ್ಮೆ ಹಾಡುಗಾರನು ನಡುವೆ ನಿಲ್ಲಿಸಿ ಅರ್ಥ ಹೇಳುವುದೂ ಉಂಟು. ಒಂದೇ ಪದ ಕಾಲು ಗಂಟೆ ನಡೆದರೂ ಯಾರಿಗೂ ಅವಸರವಿಲ್ಲ. ಅಮಾವಾಸ್ಯೆಯ ರಾತ್ರಿ ದೀರ್ಘವಾದುದು.

ಆಲ್ಬಮ್ಮಿನ ಗುಡುಗುಡಿಯ ಗತಿ ಬೇರೆ. ಗಿಟಾರಿನ ಬಿರುಸಾದ ನಡೆ, ಅದರ ಬೆನ್ನಿಗೆ ಡ್ರಮ್ಮು, ತೆರೆದ ಗಂಟಲಿನ ಹಾಡುಗಾರಿಕೆ. ಕೇಳುವವರ ಕಾಲು ತಾನಾಗಿ ತಾಳ ಹಾಕುತ್ತದೆ. ಇಲ್ಲಿ ಮೊದಲು ತಟ್ಟುವುದು ಉಲ್ಲಾಸ, ರೂಪಕವಲ್ಲ. ‘ಸೇದಿ ನೋಡು’ ಎಂಬ ಕರೆಯೇ ಮುಂದೆ ಬಂದು, ಏನನ್ನು ಕೊಚ್ಚಬೇಕು, ಏನನ್ನು ಸುಡಬೇಕು ಎಂಬುದು ಹಿಂದೆ ಸರಿಯುತ್ತದೆ. ಕನ್ನಡವನ್ನೇ ಅರಿಯದ ಸಭೆಯು ಇದಕ್ಕೆ ಕುಣಿಯಬಲ್ಲದು, ಕುಣಿದೂ ಇದೆ. ತತ್ವವನ್ನು ಬಲ್ಲವರಿಗೆ ಇದು ಕೊರತೆಯಾಗಿ ಕಾಣುವುದು ಸಹಜ. ಮುತ್ಯಾರ ಆಕ್ಷೇಪವನ್ನು ಹಳಬರ ಸಿಡುಕೆಂದು ತಳ್ಳಿಹಾಕುವಂತಿಲ್ಲ; ಅದು ಲಯಕ್ಕೂ ಅರ್ಥಕ್ಕೂ ಇರುವ ಸಂಬಂಧದ ಬಗೆಗಿನ ಮಾತು.

ಆದರೆ ಇದಕ್ಕೆ ಇನ್ನೊಂದು ಮುಖವಿದೆ. ಶರೀಫರ ಪದಗಳು ಭಜನೆಯ ಚಾವಡಿಯಿಂದ ನೇರವಾಗಿ ಈ ಆಲ್ಬಮ್ಮಿಗೆ ಜಿಗಿಯಲಿಲ್ಲ. ನಡುವೆ ಸಿ. ಅಶ್ವತ್ಥ್ (೧೯೩೯–೨೦೦೯) ಇದ್ದಾರೆ. ಸುಗಮ ಸಂಗೀತದ ವೇದಿಕೆಯಿಂದ, ಕ್ಯಾಸೆಟ್ಟುಗಳಿಂದ, ೧೯೯೦ರಲ್ಲಿ ತೆರೆಕಂಡ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರದಿಂದ ಅವರು ಈ ಪದಗಳನ್ನು ದಕ್ಷಿಣ ಕರ್ನಾಟಕದ ಮನೆಮನೆಗೆ ಒಯ್ದರು. ಮೈಸೂರಿನಲ್ಲಿ ಬೆಳೆದ ಹುಡುಗನೊಬ್ಬನಿಗೆ ಧಾರವಾಡ ಸೀಮೆಯ ಪದವು ತನ್ನದೆನ್ನಿಸುವ ವಾತಾವರಣವನ್ನು ನಿರ್ಮಿಸಿದ್ದು ಆ ಮೊದಲ ಸ್ಥಳಾಂತರ. ಅಶ್ವತ್ಥ್ ಅವರ ಹಾರ್ಮೋನಿಯಂ ಪ್ರಧಾನವಾದ ಗಾಯನವೂ ಭಜನೆಯವರ ಧಾಟಿಯಾಗಿರಲಿಲ್ಲ. ಇಂದು ಅದನ್ನೇ ‘ಮೂಲ ಧಾಟಿ’ಯೆಂದು ನಂಬಿ ಹೊಸ ತಂಡಗಳನ್ನು ಆಕ್ಷೇಪಿಸುವವರೂ ಇದ್ದಾರೆ. ಹಾಡಿನ ಲೋಕದಲ್ಲಿ ‘ಮೂಲ’ವೆಂಬುದು ಬಹುಮಟ್ಟಿಗೆ ಕೇಳುಗನು ಮೊದಲು ಕೇಳಿದ ಪಾಠ.

ಈ ಸಮಸ್ಯೆ ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ಹಾರ್ವರ್ಡಿನ ಪ್ರಾಧ್ಯಾಪಕ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ೧೮೮೨ರಿಂದ ೧೮೯೮ರವರೆಗೆ ಪ್ರಕಟಗೊಂಡ ತನ್ನ ಸಂಪುಟಗಳಲ್ಲಿ ಇಂಗ್ಲಿಷ್ ಹಾಗೂ ಸ್ಕಾಟಿಷ್ ಲಾವಣಿಗಳನ್ನು ೩೦೫ ಸಂಖ್ಯೆಗಳಲ್ಲಿ ವರ್ಗೀಕರಿಸಿ, ಪ್ರತಿಯೊಂದರ ಪಾಠಾಂತರಗಳನ್ನೂ ಕೊಟ್ಟನು. ಆ ಮಹಾಕಾರ್ಯದಲ್ಲಿ ಪದ್ಯಕ್ಕಿದ್ದ ಸ್ಥಾನ ಧಾಟಿಗಿರಲಿಲ್ಲ. ೧೯೬೯ರಲ್ಲಿ ಫೇರ್‌ಪೋರ್ಟ್ ಕನ್ವೆನ್ಷನ್ ಎಂಬ ತರುಣರ ತಂಡವು ‘ಲೀಜ್ ಆ್ಯಂಡ್ ಲೀಫ್’ ಎಂಬ ಆಲ್ಬಮ್ಮಿನಲ್ಲಿ ಅಂತಹ ಲಾವಣಿಗಳನ್ನು ವಿದ್ಯುತ್ ಗಿಟಾರಿನೊಡನೆ ಹಾಡಿತು. ಗ್ರಂಥಾಲಯದ ಕಪಾಟಿನಲ್ಲಿದ್ದ ಲಾವಣಿ ಮತ್ತೆ ತರುಣರ ಬಾಯಿಗೆ ಬಂತು. ಆದರೆ ಹಳ್ಳಿಯ ಹಾಡುಗಾರರ ಧಾಟಿಯಲ್ಲಿ ಅಲ್ಲ. ನಮ್ಮಲ್ಲಿಯೂ ದೆಹಲಿಯ ಇಂಡಿಯನ್ ಓಶನ್, ಬೆಂಗಳೂರಿನ ಸ್ವರಾತ್ಮ ಮೊದಲಾದ ತಂಡಗಳು ಇದೇ ದಾರಿಯನ್ನು ತುಳಿದಿವೆ. ವಿದ್ವಾಂಸನು ಉಳಿಸುವುದು ಪಠ್ಯವನ್ನು, ತಂಡವು ಉಳಿಸುವುದು ಹಾಡುವ ಆಸೆಯನ್ನು. ಇವೆರಡರ ನಡುವೆ ಬಿದ್ದುಹೋಗುವುದು ಧಾಟಿ.

ಧ್ವನಿಮುದ್ರಿಕೆ ಪಠ್ಯಕ್ಕೆ ಮಾಡುವ ಇನ್ನೊಂದು ಕೆಲಸವನ್ನು ಗ್ರಂಥಸಂಪಾದನೆಯ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಸಂಗತಿ ಪ್ರಸಿದ್ಧ. ಶಾಸ್ತ್ರದಾನವೆಂಬ ಆ ಪುಣ್ಯಕಾರ್ಯದಲ್ಲಿ ಸಾವಿರ ಪ್ರತಿಗಳೆಂದರೆ ಸಾವಿರ ಬಾರಿ ಕಂಠವು ಓಲೆಯ ಮೇಲೆ ಹರಿಯಿತು. ಒಬ್ಬ ಲಿಪಿಕಾರ ಅಕ್ಷರ ಬಿಟ್ಟಿರಬಹುದು, ಇನ್ನೊಬ್ಬ ತನಗೆ ತಿಳಿದ ರೂಪವನ್ನು ಬರೆದಿರಬಹುದು. ಪ್ರತಿಯ ಜೊತೆಗೆ ಪಾಠಾಂತರವೂ ಹುಟ್ಟುತ್ತದೆ. ಸಂಪಾದಕನ ಕಷ್ಟವೂ ಅದೇ, ಸುಖವೂ ಅದೇ. ಆಲ್ಬಮ್ಮಿನ ಸಾವಿರ ಪ್ರತಿಗಳಲ್ಲಿ ಒಂದು ಉಸಿರೂ ಬದಲಾಗುವುದಿಲ್ಲ. ಗಾಯಕನು ಯಾವ ನುಡಿಯನ್ನು ಆರಿಸಿಕೊಂಡನೋ ಅದೇ ಪದವಾಗುತ್ತದೆ, ಬಿಟ್ಟ ನುಡಿ ಕೇಳುಗರ ಪಾಲಿಗೆ ಇಲ್ಲವಾಗುತ್ತದೆ. ಕೊನೆಯ ನುಡಿಯನ್ನೇ ಬಿಟ್ಟರೆ ಅಂಕಿತವೂ ಹೋಗುತ್ತದೆ. ತತ್ವಪದಕಾರನು ತನ್ನ ಹೆಸರನ್ನು ಹಿಂದಿಟ್ಟು, ಗುರುವಿನ ಅಥವಾ ಇಷ್ಟದೈವದ ಹೆಸರನ್ನು ಅಂಕಿತವಾಗಿಸಿದ್ದು ‘ನಾನು’ ಎಂಬುದನ್ನು ಕರಗಿಸಲಿಕ್ಕೆ. ಆಲ್ಬಮ್ಮಿನ ಮುಖಪುಟದಲ್ಲಿ ಮೊದಲು ಕಾಣುವುದು ಹಾಡುವವನ ಹೆಸರು. ಇದನ್ನು ತಪ್ಪೆಂದು ಹೇಳಬೇಕಾಗಿಲ್ಲ. ಮಾರಾಟದ ವಸ್ತುವಿಗೆ ಹೆಸರು ಬೇಕು. ಆದರೆ ಹೆಸರಿನ ಸ್ಥಾನ ಬದಲಾದಾಗ ಪದದ ಸ್ವರೂಪವೂ ಬದಲಾಗುತ್ತದೆ ಎಂಬುದನ್ನು ಮರೆಯಬಾರದು.

ಮುತ್ಯಾರ ಎರಡನೆಯ ಪ್ರಶ್ನೆಗೆ ಇಲ್ಲಿಂದ ದಾರಿ ತೆರೆಯುತ್ತದೆ. ಪಲ್ಲವಿ ಹಿಡಿಯುವ ಮಂದಿ ಎಲ್ಲಿದ್ದಾರೆ?

ಸ್ಟುಡಿಯೋದ ಕೆಲಸದ ರೀತಿಯೇ ಬೇರೆ. ಅಲ್ಲಿ ವಾದ್ಯಗಳನ್ನೂ ದನಿಗಳನ್ನೂ ಬೇರೆಬೇರೆಯಾಗಿ ಮುದ್ರಿಸಿ, ಅನಂತರ ಹೆಣೆಯಬಹುದು. ಪಿಟೀಲಿನವನು ಬಂದ ದಿನ ಹಾಡುಗಾರ ಇರಲೇಬೇಕೆಂದಿಲ್ಲ. ಭಜನೆಯಲ್ಲಿ ಇದು ಅಸಾಧ್ಯ. ಅಲ್ಲಿ ಕೇಳುಗನೆಂಬ ಬೇರೊಂದು ಜಾತಿಯೇ ಇಲ್ಲ, ಕುಳಿತವರೆಲ್ಲರೂ ಹಿಮ್ಮೇಳ. ಸ್ವರ ತಪ್ಪುವವನಿಗೂ ಪಲ್ಲವಿಯಲ್ಲಿ ಪಾಲಿದೆ. ಕಡಕೋಳ ಮಡಿವಾಳಪ್ಪನವರ ಸುತ್ತ ಖೈನೂರ ಕೃಷ್ಣಪ್ಪ, ಚೆನ್ನೂರ ಜಲಾಲಸಾಹೇಬ, ತೆಲಗಬಾಳ ರೇವಪ್ಪ ಮೊದಲಾದವರು ಕೂಡಿದ್ದು ಇಂತಹ ಪಾಲುದಾರಿಕೆಯ ಬಲದಿಂದ. ಬೇರೆಬೇರೆ ಜಾತಿ ಮತಗಳ ಜನ ಒಂದೇ ಪಲ್ಲವಿಗೆ ದನಿ ಕೊಟ್ಟಾಗ ಅವರ ನಡುವೆ ಹುಟ್ಟುವ ಸಂಬಂಧವನ್ನು ಯಾವ ಉಪದೇಶವೂ ಹುಟ್ಟಿಸಲಾರದು. ಕಲಬುರಗಿ ಸೀಮೆಯ ತತ್ವಪದವೆಂದರೆ ಪಠ್ಯವಷ್ಟೇ ಅಲ್ಲ. ಅದು ಕೂಡುವ ಒಂದು ರೀತಿ.

ಇದನ್ನು ಹೇಳುತ್ತ ತಂಡಕ್ಕೆ ಅನ್ಯಾಯವಾಗದಂತೆಯೂ ನೋಡಬೇಕು. ‘ಪ್ರಾಜೆಕ್ಟ್’ ಎಂಬ ತೆರೆದ ಮನೆಯ ಕಲ್ಪನೆಯಲ್ಲಿ ಭಜನಾ ಮಂಡಳಿಯ ನೆನಪು ಇದ್ದೇ ಇದೆ. ಮಂಡಳಿಯಲ್ಲಿಯೂ ಇಂದು ಬಂದವನು ನಾಳೆ ಇರಬೇಕೆಂಬ ನಿಯಮವಿಲ್ಲ. ತಾಳ ಖಾಲಿಯಿದ್ದರೆ ಎತ್ತಿಕೊಂಡವನೇ ತಾಳದವನು. ಒಂದು ವ್ಯತ್ಯಾಸ ಮಾತ್ರ ಉಳಿಯುತ್ತದೆ. ತಂಡದ ತೆರೆದ ಬಾಗಿಲು ಕಲಾವಿದರಿಗೆ. ಮಂಡಳಿಯ ತೆರೆದ ಬಾಗಿಲು ಏನೂ ಬಾರದವರಿಗೂ. ವೇದಿಕೆಯ ಮೇಲೆ ಈ ಅಂತರ ಕಡಿಮೆಯಾಗುತ್ತದೆ. ಸಾವಿರಾರು ಜನರಿಂದ ಪಲ್ಲವಿಯನ್ನು ಹೇಳಿಸುವ ಶಕ್ತಿ ಈ ಗಾಯಕನಿಗಿದೆ. ಮುದ್ರಿಕೆಯಲ್ಲಿ ಆ ಜನರಿಲ್ಲ. ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಕೇಳುವವಳು ಒಬ್ಬಳೇ ಇರುತ್ತಾಳೆ.

ಶಹಾಬಜಾರದ ಮನೆಯಲ್ಲಿ ಇದರ ಇನ್ನೊಂದು ಬದಿ ಕಂಡಿತು. ಮೊಮ್ಮಗಳು ಹುಟ್ಟಿ ಬೆಳೆದದ್ದು ಅದೇ ಮನೆಯಲ್ಲಿ. ಮುತ್ಯಾ ಬಂದು ಏಳು ವರ್ಷಗಳಾಗಿದ್ದವು. ಶರೀಫರ ಪದವೊಂದನ್ನು ಪೂರ್ತಿಯಾಗಿ ಅವಳು ಮೊದಲ ಬಾರಿಗೆ ಕೇಳಿದ್ದು ಆಲ್ಬಮ್ಮಿನಿಂದ, ಮುತ್ಯಾರ ಬಾಯಿಂದಲ್ಲ. “ನೀ ಇದನ್ನ ಹಾಡತಿದ್ದೇನ ಮುತ್ಯಾ?” ಎಂದು ಅವಳು ಕೇಳಿದಾಗ ಅವರು, “ಹಾಡತಿದ್ದೆ. ಶರೀಫಂದೂ ಹಾಡತಿದ್ದೆ, ಮಡಿವಾಳಪ್ಪಂದೂ ಹಾಡತಿದ್ದೆ” ಎಂದರು. “ಮತ್ತ ಇಲ್ಲಿ ಯಾಕ ಹಾಡಂಗಿಲ್ಲ?” ಎಂಬ ಪ್ರಶ್ನೆಗೆ ಅವರ ಉತ್ತರ ಮೊದಲು ಹೇಳಿದ್ದೇ. “ಪಲ್ಲ ಹಿಡಿಯೋರು ಯಾರು ತಾಯಿ?”

ಆಲ್ಬಮ್ಮಿನ ಬಗ್ಗೆ ಅವರು ಎತ್ತಿದ್ದ ಆಕ್ಷೇಪವು ತಮ್ಮ ಬದುಕಿನ ಬಗ್ಗೆಯೂ ಆಗಿತ್ತೆಂಬುದು ಆಗ ಅವಳಿಗೆ ತಿಳಿಯಿತು. ಏಳು ವರ್ಷ ಏಕತಾರಿ ಗೂಟಕ್ಕೆ ತೂಗುಬಿದ್ದದ್ದಕ್ಕೆ ಯಾವ ತಂಡವೂ ಕಾರಣವಲ್ಲ. ಊರು ಬಿಟ್ಟದ್ದು, ಮಂಡಳಿಯ ಸಮವಯಸ್ಕರು ಒಬ್ಬೊಬ್ಬರಾಗಿ ತೀರಿಕೊಂಡದ್ದು, ಮನೆಯವರು ತಮ್ಮ ತಮ್ಮ ಕೆಲಸಗಳಲ್ಲಿ ಮುಳುಗಿದ್ದು ಕಾರಣ. ಹಾಗೆ ನೋಡಿದರೆ, ಆ ಮನೆಯಲ್ಲಿ ಮುತ್ಯಾರ ಪದದ ಮಾತೆತ್ತಿಸಿದ್ದು ಆ ಆಲ್ಬಮ್ಮೇ. ಓಡುವ ಗತಿಯ, ತತ್ವವನ್ನು ಹಿಂದಕ್ಕೆ ತಳ್ಳುವ, ಹಿಮ್ಮೇಳವಿಲ್ಲದ ಆ ಹಾಡು ಇಲ್ಲದಿದ್ದರೆ ಮೊಮ್ಮಗಳು ಆ ಪ್ರಶ್ನೆಯನ್ನು ಕೇಳುತ್ತಲೇ ಇರಲಿಲ್ಲ.

ಈ ಪ್ರಸಂಗದಿಂದ ಸಂಶೋಧಕರು ತಿಳಿಯಬೇಕಾದ ಸಂಗತಿಯೊಂದಿದೆ. ಕಳೆದ ಕೆಲವು ದಶಕಗಳಲ್ಲಿ ತತ್ವಪದಗಳ ಸಂಗ್ರಹ, ಸಂಪಾದನೆಗಳು ಹುರುಪಿನಿಂದ ನಡೆದಿವೆ. ಕಲಬುರಗಿಯವರೇ ಆದ ಮೀನಾಕ್ಷಿ ಬಾಳಿಯವರಂತಹ ವಿದ್ವಾಂಸರು ಈ ಭಾಗದ ತತ್ವಪದಕಾರರ ಕುರಿತು ದುಡಿದಿದ್ದಾರೆ. ರಾಜ್ಯದ ಕನಕದಾಸ ಅಧ್ಯಯನ ಕೇಂದ್ರವು ನಾಡಿನ ತತ್ವಪದಗಳನ್ನು ಸಂಪುಟಗಳಲ್ಲಿ ತಂದಿದೆ. ಈ ಕೆಲಸದ ಬೆಲೆ ದೊಡ್ಡದು. ಆದರೆ ಅಚ್ಚಿನ ಪುಟವು ಪದವನ್ನು ಹಿಡಿಯಬಲ್ಲದೇ ಹೊರತು, ಪಲ್ಲವಿ ಎಷ್ಟು ಬಾರಿ ಮರಳಿತು, ಎಲ್ಲಿ ಹಾಡುಗಾರ ನಿಂತು ಅರ್ಥ ಹೇಳಿದ, ಎಲ್ಲಿ ಹಿಂದಿನಿಂದ ಯಾರೋ ‘ಹೌದಪ್ಪ’ ಎಂದರು ಎಂಬುದನ್ನು ಹಿಡಿಯಲಾರದು. ನಾಗವರ್ಮನ ಬಾಜನೆಗಬ್ಬಕ್ಕೆ ಆದ ಗತಿಯೇ ತತ್ವಪದಕ್ಕೂ ಆಗಬಾರದೆಂದರೆ, ಕ್ಷೇತ್ರಕಾರ್ಯಕ್ಕೆ ಹೋಗುವವರು ಪದವನ್ನು ಬರೆದುಕೊಂಡು ಬಂದರೆ ಸಾಲದು; ಇಡೀ ರಾತ್ರಿಯ ದನಿಯನ್ನು ತರಬೇಕು. ನಾಗವರ್ಮನ ಕಾಲದವರಿಗೆ ಇಲ್ಲದ ಅನುಕೂಲವೊಂದು ಇಂದು ಪ್ರತಿಯೊಬ್ಬ ವಿದ್ಯಾರ್ಥಿಯ ಕಿಸೆಯಲ್ಲಿದೆ.

ಹೊಸ ತಂಡಗಳ ಆಲ್ಬಮ್ಮುಗಳನ್ನೂ ಇದೇ ಅಧ್ಯಯನದ ಒಳಗೆ ತರಬೇಕು. ಯಾವ ತಂಡ ಯಾವ ನುಡಿಯನ್ನು ಉಳಿಸಿತು, ಯಾವುದನ್ನು ಬಿಟ್ಟಿತು, ಯಾವ ಶಬ್ದವನ್ನು ಮೈಸೂರು ಸೀಮೆಯ ಉಚ್ಚಾರಕ್ಕೆ ತಿರುಗಿಸಿತು ಎಂಬುದು ಪಾಠಚರಿತ್ರೆಯ ಭಾಗವೇ. ೨೦೦೮ರ ಈ ಆಲ್ಬಮ್ ಶರೀಫರ ಪದದ ಒಂದು ಪ್ರತಿ. ಅದಕ್ಕೆ ಇತರ ಪ್ರತಿಗಳಿಗಿಂತ ಹೆಚ್ಚಿನ ಪ್ರಾಮಾಣ್ಯವಿಲ್ಲ, ಕಡಿಮೆಯೂ ಇಲ್ಲ. ಅದರ ಕಾಲವನ್ನೂ ಆವರಣವನ್ನೂ ಗುರುತಿಸಿ, ಪ್ರತಿಗಳ ಸಾಲಿನಲ್ಲಿ ಅದನ್ನಿಡುವುದು ವಿದ್ವಾಂಸನ ಕೆಲಸ. ಕೇಳಿ ಸುಖಿಸುವುದಕ್ಕೆ ಅದು ಅಡ್ಡಿಯಾಗಬೇಕಿಲ್ಲ.

ಮುಂದಿನ ಅಮಾವಾಸ್ಯೆಗೆ ಮೊಮ್ಮಗಳು ಮುತ್ಯಾರನ್ನು ಕರೆದುಕೊಂಡು ಕಮಲಾಪುರದ ಬಸ್ಸು ಹತ್ತಿದಳು. ಏಕತಾರಿಯ ತಂತಿಯನ್ನು ಬದಲಿಸಬೇಕಾಯಿತು. ಹಳ್ಳಿಯ ಮಠದಲ್ಲಿ ಮಂಡಳಿ ಇನ್ನೂ ಇತ್ತು, ಆರೇಳು ಜನರ ಮಂಡಳಿ. ಮುತ್ಯಾರನ್ನು ಕಂಡು ಅವರು ಎದ್ದು ನಿಂತು ಜಾಗ ಮಾಡಿಕೊಟ್ಟರು. ನಡುರಾತ್ರಿಯ ಹೊತ್ತಿಗೆ ಗುಡುಗುಡಿಯ ಪದ ಬಂತು. ಅವರ ಗತಿ ನಿಧಾನವಾಗಿತ್ತು, ದನಿ ಅಲ್ಲಲ್ಲಿ ಒಡೆಯುತ್ತಿತ್ತು. ಸಂಪುಟದಲ್ಲಿ ಅಚ್ಚಾದ ಪಾಠಕ್ಕೂ ಅವರು ಹಾಡಿದ್ದಕ್ಕೂ ಎರಡು ಕಡೆ ಶಬ್ದಗಳು ಬೇರೆಯಾಗಿದ್ದವು. ಮೊಬೈಲನ್ನು ಕಂಬಕ್ಕೆ ಒರಗಿಸಿ ಮುದ್ರಣಕ್ಕೆ ಹಚ್ಚಿದ್ದ ಮೊಮ್ಮಗಳು 'ಸಂಶೋಧಕಳು ಮೌನವಾಗಿರಬೇಕು' ಎಂದು ತರಗತಿಯಲ್ಲಿ ಕಲಿತದ್ದನ್ನು ಮೊದಲ ನುಡಿಯವರೆಗೆ ಪಾಲಿಸಿದಳು.

ಆ ಮುದ್ರಣ ಹನ್ನೊಂದು ನಿಮಿಷದ್ದು. ಎರಡನೆಯ ನುಡಿಯಿಂದ ಮುಂದೆ, ಫೋನಿಗೆ ತೀರ ಹತ್ತಿರದಲ್ಲಿ ಕುಳಿತ ಒಂದು ಹೆಣ್ಣುದನಿ ಪಲ್ಲವಿಯನ್ನು ಹಿಡಿದದ್ದರಿಂದ, ಹಾರ್ಮೋನಿಯಂ ಸರಿಯಾಗಿ ಕೇಳುವುದಿಲ್ಲ.